ಓದಲು ಬರುವ ಪಠ್ಯ ಎಲ್ಲಿ ಸಿಗುತ್ತದೆ? ತುಮಕೂರು ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳು, ಪೋಷಕರು, ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಪದವಿ ಕಾಲೇಜೊಂದರ ಗ್ರಂಥಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ಮುದ್ರಿತ ಪುಸ್ತಕವನ್ನು ಇದ್ದ ಹಾಗೆಯೇ ಓದಲಾಗದ ವಿದ್ಯಾರ್ಥಿಗಳು ಪ್ರತಿ ವರ್ಷವೂ ನಮ್ಮಲ್ಲಿಗೆ ಬರುತ್ತಾರೆ. ಪ್ರವೇಶದ ದಿನಗಳಲ್ಲಿ ಪಾವಗಡದಿಂದ ಬೆಳಗಿನ ಬಸ್ಸು ಹಿಡಿದು ಬಂದ ತಂದೆ ಕೇಳುವ ಪ್ರಶ್ನೆಯನ್ನೇ ಮಧ್ಯಾಹ್ನ ಚಿಕ್ಕನಾಯಕನಹಳ್ಳಿಯ ಉಪನ್ಯಾಸಕಿ ಫೋನಿನಲ್ಲಿ ಕೇಳುತ್ತಾರೆ. ಹಾಗೆ ಕೇಳಿದವನ್ನು ಉತ್ತರಗಳ ಸಮೇತ ಇಲ್ಲಿ ಬರೆದಿಟ್ಟಿದ್ದೇನೆ. ಉಳಿದ ವಿದ್ಯಾರ್ಥಿಗಳ ಕೈಗೆ ಪುಸ್ತಕ ಬಂದ ದಿನವೇ ಇವರ ಕೈಗೂ ಬರಬೇಕು ಎಂಬುದು ನನ್ನ ಹಟ.

ಇದೆಲ್ಲ ಅಂಧ ವಿದ್ಯಾರ್ಥಿಗಳಿಗೆ ಮಾತ್ರವೇ?

ಅಲ್ಲ. ಪೂರ್ತಿ ಕಾಣದವರು, ಮಂದದೃಷ್ಟಿಯವರು, ಅಕ್ಷರ ಕಂಡರೂ ಅದನ್ನು ಕೂಡಿಸಿ ಓದಲು ತಿಣುಕುವ ಡಿಸ್ಲೆಕ್ಸಿಯಾ ಇರುವವರು, ಸೆರೆಬ್ರಲ್ ಪಾಲ್ಸಿ ಅಥವಾ ಸ್ನಾಯುಕ್ಷಯದಿಂದ ಪುಸ್ತಕ ಹಿಡಿದು ಹಾಳೆ ತಿರುವಲಾಗದವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಕೊನೆಯ ಗುಂಪನ್ನು ಬಹಳ ಮಂದಿ ಮರೆಯುತ್ತಾರೆ. ಕಣ್ಣು ಚೆನ್ನಾಗಿದ್ದೂ ಕೈ ಸಹಕರಿಸದೆ ಪುಸ್ತಕ ದೂರವಾದ ಹುಡುಗನೊಬ್ಬ ನಮ್ಮಲ್ಲಿದ್ದ. ಕಂಪ್ಯೂಟರಿನಲ್ಲಿ ಒಂದೇ ಕೀಲಿ ಒತ್ತಿದರೆ ಪುಟ ತಿರುಗುವಂತೆ ಮಾಡಿಕೊಟ್ಟ ಮೇಲೆ ಸಂಜೆ ಗ್ರಂಥಾಲಯ ಮುಚ್ಚುವವರೆಗೂ ಓದುತ್ತಿದ್ದ.

ಪಠ್ಯದ ಪಿಡಿಎಫ್ ಕೊಟ್ಟಿದ್ದಾರೆ. ಆದರೆ ಫೋನು ಅದನ್ನು ಓದುವುದಿಲ್ಲ, ಓದಿದರೂ ಏನೇನೋ ಉಸುರುತ್ತದೆ. ಯಾಕೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಾರಣಗಳು ಎರಡು.

ಫೋನು ಮೌನವಾಗಿದ್ದರೆ ಆ ಪಿಡಿಎಫ್ ಬರೀ ಫೋಟೊ ಎಂದರ್ಥ. ಯಾರೋ ಪುಸ್ತಕವನ್ನು ಸ್ಕ್ಯಾನ್ ಮಾಡಿದ್ದಾರೆ. ನಮ್ಮ ಕಣ್ಣಿಗೆ ಅದರಲ್ಲಿ ಅಕ್ಷರ ಕಾಣುತ್ತದೆ, ಯಂತ್ರಕ್ಕೆ ಕಾಣುವುದು ಕಪ್ಪು ಬಿಳುಪಿನ ಚಿತ್ರ. ಗುರುತಿಸಲು ಸುಲಭ ಉಪಾಯವಿದೆ: ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿದು ಅದನ್ನು ಆಯ್ಕೆ ಮಾಡಲು ನೋಡಿ. ಪದ ಆಯ್ಕೆಯಾಗದಿದ್ದರೆ ಅದು ಚಿತ್ರವೆಂದೇ ತಿಳಿಯಿರಿ. ಈಚಿನ ಕೆಲವು ಫೋನುಗಳು ಚಿತ್ರದೊಳಗಿನ ಪದವನ್ನೂ ತಾವೇ ಗುರುತಿಸುತ್ತವೆ, ಆದ್ದರಿಂದ ಈ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಮಾಡುವುದು ಒಳ್ಳೆಯದು.

ಅರ್ಥವಿಲ್ಲದ್ದನ್ನು ಉಸುರುತ್ತಿದ್ದರೆ ಕಾರಣ ಬೇರೆ, ಅದು ನಮ್ಮ ಕನ್ನಡದ ಹಳೆಯ ಗಾಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲಿನ ಉಪಾಯಗಳು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಆ ಕಾಲದಲ್ಲಿ ಕನ್ನಡದ ಕೆಲಸ ನಿಲ್ಲದಂತೆ ನೋಡಿಕೊಂಡವು, ಅದಕ್ಕೆ ನಾವು ಋಣಿಗಳು. ಆದರೆ ಅಂಥ ಕಡತದಲ್ಲಿ ನಮಗೆ ‘ಕ’ ಎಂದು ಕಾಣುವ ಕಡೆ ಕಂಪ್ಯೂಟರಿನ ಲೆಕ್ಕದಲ್ಲಿ ಇರುವುದು ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಗೀಟಿರುವ ಒಂದು ‘ಎ’. ತೆರೆಯ ಮೇಲಿನ ಪಠ್ಯವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಪ್ರಾಮಾಣಿಕವಾಗಿ ಅದನ್ನೇ ಓದುತ್ತದೆ. ಇಡೀ ಪುಟ ಹಾಗೆಯೇ. ಯುನಿಕೋಡ್‌ನಲ್ಲಿ ಮಾತ್ರ ‘ಕ’ ಎಂಬುದು ನಿಜವಾಗಿಯೂ ‘ಕ’. ಆದ್ದರಿಂದ ‘ಸಾಫ್ಟ್ ಕಾಪಿ ಕೊಡಿ’ ಎಂದು ಕೇಳಿದರೆ ಸಾಲದು, ‘ಯುನಿಕೋಡ್‌ನಲ್ಲಿರುವ ವರ್ಡ್ ಕಡತ ಕೊಡಿ’ ಎಂದೇ ಕೇಳಿ.

ನಾವು ಡಿಟಿಪಿ ಕೆಲಸದವರು. ಪುಸ್ತಕದ ನುಡಿ ಕಡತ ನಮ್ಮಲ್ಲೇ ಇದೆ. ಅದರಿಂದ ಪ್ರಯೋಜನವಿದೆಯೇ?

ಬಹಳ ಇದೆ. ಹೊಸದಾಗಿ ಟೈಪ್ ಮಾಡುವ ತಿಂಗಳುಗಟ್ಟಲೆಯ ಶ್ರಮವನ್ನು ನೀವು ಉಳಿಸಿದಂತೆ. ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಕೆಲಸ ಕೆಲವೇ ನಿಮಿಷಗಳದ್ದು.

ಬದಲಿಸಿದ ಮೇಲೆ ಎರಡು ಕಡೆ ಕಣ್ಣಿಟ್ಟು ನೋಡಿ. ಮೊದಲನೆಯದು ಅರ್ಕಾವೊತ್ತು. ‘ಕಾರ್ಯ’, ‘ಧರ್ಮ’ ಬಗೆಯ ಪದಗಳಲ್ಲಿ ರಕಾರ ಸ್ಥಾನ ತಪ್ಪಿ ಕೂರುವುದುಂಟು. ಎರಡನೆಯದು ನಡುವೆ ಬರುವ ಇಂಗ್ಲಿಷ್ ಪದಗಳು. ಅರ್ಥಶಾಸ್ತ್ರ, ವಾಣಿಜ್ಯದ ಪುಸ್ತಕಗಳಲ್ಲಿ ಕನ್ನಡ ಪದದ ಪಕ್ಕದಲ್ಲೇ ಇಂಗ್ಲಿಷ್ ಪಾರಿಭಾಷಿಕ ಪದ ಇರುತ್ತದಲ್ಲ, ಪರಿವರ್ತಕ ಅದನ್ನೂ ಹಳೆಯ ಫಾಂಟಿನ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ಗುಡ್ಡೆ ಮಾಡಿಬಿಡುತ್ತದೆ. ಆ ಪದಗಳನ್ನು ಕೈಯಾರೆ ಮತ್ತೆ ಟೈಪ್ ಮಾಡಬೇಕು, ಬೇರೆ ದಾರಿಯಿಲ್ಲ.

ಇನ್ನೊಂದು ವಿನಂತಿ. ಅಧ್ಯಾಯದ ಹೆಸರನ್ನು ಬರೀ ದಪ್ಪಕ್ಷರ ಮಾಡಿ ಬಿಡಬೇಡಿ, ವರ್ಡ್‌ನಲ್ಲಿರುವ ಹೆಡಿಂಗ್ ಶೈಲಿಯನ್ನು ಹಾಕಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವ ವಿದ್ಯಾರ್ಥಿ ಅದರ ಬ್ರೌಸ್ ವಿಧಾನದಲ್ಲಿ ‘ಎಚ್’ ಕೀಲಿ ಒತ್ತುತ್ತ ಒಂದು ಶೀರ್ಷಿಕೆಯಿಂದ ಮತ್ತೊಂದಕ್ಕೆ ಜಿಗಿಯುವುದು ಆ ಶೈಲಿಯ ಬಲದಿಂದಲೇ. ಅಚ್ಚಾದ ಪುಸ್ತಕದ ಪುಟಸಂಖ್ಯೆಯನ್ನೂ ಕಡತದಲ್ಲಿ ಆಯಾ ಜಾಗದಲ್ಲಿ ಬರೆದಿಡಿ. ಮೇಷ್ಟ್ರು ತರಗತಿಯಲ್ಲಿ ‘84ನೆಯ ಪುಟ ತೆಗೆಯಿರಿ’ ಎಂದಾಗ ಈ ವಿದ್ಯಾರ್ಥಿಯೂ ತೆಗೆಯಬೇಕಲ್ಲವೇ.

ಮೂಲ ಕಡತ ಯಾರಲ್ಲೂ ಇಲ್ಲ. ಅಚ್ಚಾದ ಪುಸ್ತಕ ಮಾತ್ರ ಇದೆ.

ಆಗ ಸ್ಕ್ಯಾನ್ ಮಾಡಿ, ಚಿತ್ರದೊಳಗಿನ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶದ ಮೂಲಕ ಪಠ್ಯ ಹೆಕ್ಕಬೇಕು. ಗೂಗಲ್ ಡ್ರೈವ್‌ಗೆ ಚಿತ್ರ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬರುತ್ತದೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ ಲಿಪಿಗೆಂದೇ ‘ಲಿಪಿ ಜ್ಞಾನಿ’ ಎಂಬ ಓಸಿಆರ್ ರೂಪಿಸಿದ್ದಾರೆ.

ಯಾವುದನ್ನು ಬಳಸಿದರೂ ತಿದ್ದುವ ಕೆಲಸ ತಪ್ಪುವುದಿಲ್ಲ. ದ, ಧ, ಥ ಒಂದಕ್ಕೊಂದು ಬದಲಾಗುತ್ತವೆ. ಪ ಇದ್ದದ್ದು ಷ ಆಗುತ್ತದೆ. ಅನುಸ್ವಾರವೂ ಕನ್ನಡ ಅಂಕಿಯ ಸೊನ್ನೆಯೂ ನೋಟಕ್ಕೆ ಒಂದೇ ಆದ್ದರಿಂದ ಇಸವಿಗಳು ಕೆಡುತ್ತವೆ. ಒತ್ತಕ್ಷರದ ಕಾಲು ಮಾಸಿದ್ದರೆ ಅದು ಮಾಯವೇ ಆಗುತ್ತದೆ. ಕಣ್ಣಿರುವವರು ಇಂಥ ತಪ್ಪನ್ನು ಸಂದರ್ಭದಿಂದ ಊಹಿಸಿಕೊಳ್ಳಬಹುದು. ಕಿವಿಯಲ್ಲಿ ಮೊದಲ ಸಲ ಕೇಳುವ ವಿದ್ಯಾರ್ಥಿಗೆ ಊಹಿಸಲು ಆಧಾರವೇ ಇರುವುದಿಲ್ಲ.

ನನ್ನ ಅನುಭವದಲ್ಲಿ ಒಂದು ಪುಟ ತಿದ್ದಲು ಸುಮಾರು 9 ನಿಮಿಷ ಬೇಕು. 200 ಪುಟದ ಪುಸ್ತಕಕ್ಕೆ 30 ಗಂಟೆ. ಒಬ್ಬರೇ ಕುಳಿತರೆ ಬೆನ್ನು ಮುರಿಯುತ್ತದೆ, ಆರು ಜನ ದಿನಕ್ಕೆ ಒಂದು ಗಂಟೆ ಕೊಟ್ಟರೆ ಐದು ದಿನದಲ್ಲಿ ಮುಗಿಯುತ್ತದೆ. ಎನ್ನೆಸ್ಸೆಸ್ ಘಟಕದ ಮಕ್ಕಳಿಂದ ನಾವು ಈ ಕೆಲಸ ಮಾಡಿಸುತ್ತೇವೆ. ಗಿಡ ನೆಡುವಷ್ಟೇ ಶ್ರದ್ಧೆಯಿಂದ ಮಾಡುತ್ತಾರೆ, ತಮ್ಮ ಪರೀಕ್ಷೆಗೂ ಅದೇ ಪಾಠ ಓದಿದಂತಾಯಿತು ಎನ್ನುತ್ತಾರೆ. ಪಠ್ಯಕ್ರಮ ಬದಲಾದಾಗ ಮಾತ್ರ ಮನಸ್ಸು ಕುಸಿಯುತ್ತದೆ. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯ ಬಂತು, 2024-25ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷದ ಪದವಿ ಬಂತು. ಎರಡು ಸಲವೂ ಮೊದಲಿನಿಂದ ಶುರು ಮಾಡಿದೆವು.

ಗೆಳತಿಯರೇ ಪಾಠ ಓದಿ ಧ್ವನಿಮುದ್ರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದೇವೆ. ಅದು ಸಾಲದೇ?

ನಿಮ್ಮ ಪ್ರೀತಿ ದೊಡ್ಡದು. ಅದರಿಂದಲೇ ಪದವಿ ಮುಗಿಸಿದವರನ್ನು ನಾನು ಬಲ್ಲೆ. ಆದರೂ ಸಾಲದು ಎಂದೇ ಹೇಳಬೇಕಾಗಿದೆ. ನಲವತ್ತು ನಿಮಿಷದ ಧ್ವನಿಯಲ್ಲಿ ಒಂದು ವ್ಯಾಖ್ಯೆ ಎಲ್ಲಿದೆ ಎಂದು ಹುಡುಕಲಾಗದು. ಅಡಿಗೆರೆ ಎಳೆಯಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಪದದ ಕಾಗುಣಿತ ತಿಳಿಯುವುದಿಲ್ಲ. ಗುಬ್ಬಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎ. ಮೂರೂ ವರ್ಷ ಕೇಳಿಯೇ ಓದಿದಳು. ರಾಜ್ಯಶಾಸ್ತ್ರದಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಕಂಪ್ಯೂಟರಿನಲ್ಲಿ ತಾನೇ ಬರೆಯಲು ಕೂತಾಗ ‘ಸಂವಿಧಾನ’ದಲ್ಲಿ ಇರುವುದು ದ ಅಥವಾ ಧ ಎಂದು ಕೇಳಿದಳು. ಆ ಪದವನ್ನು ಸಾವಿರ ಸಲ ಕೇಳಿದ್ದಳು, ಅಕ್ಷರವಾಗಿ ಅವಳಿಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ. ಅಂದಿನಿಂದ ನಾನು ಯಾರಿಗೇ ಆದರೂ ಮೊದಲು ಪಠ್ಯ, ಆಮೇಲೆ ಧ್ವನಿ ಎನ್ನುತ್ತೇನೆ.

ಒಂದು ಕಡೆ ಮಾತ್ರ ಮನುಷ್ಯರ ದನಿಯೇ ಬೇಕು. ಹಳಗನ್ನಡ ಪದ್ಯ. ಕಂದಪದ್ಯದ ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20, ಮತ್ತೆ ಹಾಗೆಯೇ 12 ಮತ್ತು 20. ಯಂತ್ರದ ದನಿಗೆ ಈ ನಡೆ ತಿಳಿಯದು, ಸಂಧಿಯಲ್ಲಿ ಎಲ್ಲಿ ಉಸಿರು ನಿಲ್ಲಿಸಬೇಕೆಂದೂ ತಿಳಿಯದು. ಕನ್ನಡ ಮೇಷ್ಟ್ರು ಒಂದು ಸಲ ವಾಚಿಸಿ, ಬಿಡಿಸಿ ಹೇಳಿ, ಆ ಧ್ವನಿಯನ್ನು ಪಠ್ಯದ ಜೊತೆಗೆ ಕೊಟ್ಟರೆ ಅದರ ಬೆಲೆಯೇ ಬೇರೆ.

ಪುಸ್ತಕವನ್ನು ಹೀಗೆ ನಕಲು ಮಾಡಿದರೆ ಹಕ್ಕುಸ್ವಾಮ್ಯದ ತೊಂದರೆ ಬರುವುದಿಲ್ಲವೇ?

ಬರುವುದಿಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ 52ನೆಯ ಕಲಮಿಗೆ ಹೊಸ ಉಪಕಲಮೊಂದು ಸೇರಿತು. ಅಂಗವೈಕಲ್ಯ ಇರುವವರ ಓದಿಗೆ, ಶಿಕ್ಷಣಕ್ಕೆ, ಸಂಶೋಧನೆಗೆ ಬೇಕಾದಂತೆ ಯಾವುದೇ ಕೃತಿಯನ್ನು ಅವರಿಗೆ ನಿಲುಕುವ ರೂಪಕ್ಕೆ ಯಾರು ಬೇಕಾದರೂ ಬದಲಿಸಬಹುದು, ಅವರಿಗೆ ಕೊಡಬಹುದು. ಲೇಖಕರ ಅಥವಾ ಪ್ರಕಾಶಕರ ಅನುಮತಿ ಬೇಕಿಲ್ಲ. ಲಾಭ ಮಾಡಬಾರದು, ತಗುಲಿದ ಖರ್ಚನ್ನು ಮಾತ್ರ ಪಡೆಯಬಹುದು. ಪ್ರತಿ ಆ ವಿದ್ಯಾರ್ಥಿಗಳ ಕೈಯಲ್ಲೇ ಉಳಿಯಬೇಕು. ಇಡೀ ತರಗತಿಯ ಗುಂಪಿಗೆ ಹಂಚಿದರೆ ಈ ರಕ್ಷಣೆ ಸಿಗುವುದಿಲ್ಲ. ದಯವಿಟ್ಟು ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ, ಒಬ್ಬರ ಸಡಿಲಿಕೆಯಿಂದ ಪ್ರಕಾಶಕರು ಎಲ್ಲರ ಮೇಲೂ ನಂಬಿಕೆ ಕಳೆದುಕೊಳ್ಳುತ್ತಾರೆ.

ಇದೇ ಆಶಯದ ಮರ‍್ರಾಕೆಶ್ ಒಪ್ಪಂದ 2013ರಲ್ಲಿ ರೂಪುಗೊಂಡಿತು. ಅದನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಹಿಂಜರಿಯುವ ಪ್ರಕಾಶಕರಿಗೆ ನಾನು ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗಾಗಲೇ ಸಿದ್ಧವಾಗಿರುವ ಪುಸ್ತಕಗಳು ಎಲ್ಲಿ ಸಿಗುತ್ತವೆ?

ಮೊದಲು ‘ಸುಗಮ್ಯ ಪುಸ್ತಕಾಲಯ’ದಲ್ಲಿ ಹುಡುಕಿ. 2016ರಲ್ಲಿ ಕೇಂದ್ರ ಸರ್ಕಾರ ಡೈಸಿ ಫೋರಂ ಆಫ್ ಇಂಡಿಯಾ ಎಂಬ ಸಂಸ್ಥೆಗಳ ಒಕ್ಕೂಟದ ಜೊತೆಗೂಡಿ ಆರಂಭಿಸಿದ ಆನ್‌ಲೈನ್ ಗ್ರಂಥಾಲಯ ಅದು. ಅಂಗವೈಕಲ್ಯದ ಪ್ರಮಾಣಪತ್ರ ಕೊಟ್ಟು ಸದಸ್ಯರಾಗಬೇಕು. ಬುಕ್‌ಶೇರ್ ಇನ್ನೊಂದು, ಇಂಗ್ಲಿಷ್ ಪುಸ್ತಕಗಳಿಗೆ ಬಹಳ ಅನುಕೂಲ. ಕನ್ನಡ ಮಾಧ್ಯಮದ ಪದವಿ ಪಠ್ಯಗಳು ಎರಡರಲ್ಲೂ ಅಪರೂಪ. ಅದಕ್ಕೇ ಮೇಲೆ ಹೇಳಿದ ಕೆಲಸವನ್ನು ಊರಿನಲ್ಲೇ ಮಾಡಿಕೊಳ್ಳಬೇಕಾಗಿದೆ.

ಚಿತ್ರ, ನಕ್ಷೆ, ಗ್ರಾಫ್‌ಗಳನ್ನು ಏನು ಮಾಡುವುದು?

ಮಾತಿನಲ್ಲಿ ಬರೆಯಬೇಕು, ಪಾಠಕ್ಕೆ ಬೇಕಾದಷ್ಟನ್ನು. ‘ತುಮಕೂರು ಜಿಲ್ಲೆಯ ನಕ್ಷೆ’ ಎಂದು ಬರೆದರೆ ವಿವರಣೆಯಾಗುವುದಿಲ್ಲ. ‘ಜಿಲ್ಲೆಯಲ್ಲಿ 10 ತಾಲ್ಲೂಕುಗಳಿವೆ, ಈಶಾನ್ಯದ ಪಾವಗಡ ಉಳಿದ ತಾಲ್ಲೂಕುಗಳಿಂದ ಬೇರ್ಪಟ್ಟಂತಿದ್ದು ಅದರ ಸುತ್ತ ಬಹುಪಾಲು ಆಂಧ್ರಪ್ರದೇಶದ ನೆಲವಿದೆ’ ಎಂದರೆ ನಕ್ಷೆ ಕಣ್ಣ ಮುಂದೆ ಬರುತ್ತದೆ. ಅರ್ಥಶಾಸ್ತ್ರದ ಬೇಡಿಕೆಯ ರೇಖೆಯಾದರೆ ಅಡ್ಡ ಅಕ್ಷದಲ್ಲಿ ಏನು, ಲಂಬ ಅಕ್ಷದಲ್ಲಿ ಏನು, ರೇಖೆ ಎಡದ ಮೇಲಿಂದ ಬಲದ ಕೆಳಕ್ಕೆ ಇಳಿಯುತ್ತದೆ ಎಂಬುದು, ಒಂದೆರಡು ಬಿಂದುಗಳ ಬೆಲೆ. ತಿಪಟೂರು ಮಾರುಕಟ್ಟೆಯ ಕೊಬ್ಬರಿಯನ್ನೇ ಉದಾಹರಣೆಯಾಗಿಟ್ಟು ವಿವರಿಸಿದ ಉಪನ್ಯಾಸಕರೊಬ್ಬರಿದ್ದಾರೆ, ಅವರ ವಿವರಣೆಯನ್ನು ಈಗ ಕಣ್ಣಿರುವ ವಿದ್ಯಾರ್ಥಿಗಳೂ ಕೇಳಿ ಪಡೆಯುತ್ತಾರೆ. ಹಲಗೆಯ ಮೇಲೆ ಬರೆಯುವಾಗ ‘ಇದು, ಅದು, ಇಲ್ಲಿ’ ಎನ್ನದೆ ಹೆಸರು ಹೇಳುತ್ತ ಬರೆಯುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಗಣಿತದ ಸಮೀಕರಣಗಳನ್ನು ಚಿತ್ರವಾಗಿ ಅಂಟಿಸಬೇಡಿ, ವರ್ಡ್‌ನ ಸಮೀಕರಣ ಸಾಧನದಲ್ಲೇ ಬರೆಯಿರಿ.

ಮೊಬೈಲ್ ಇರುವಾಗ ಬ್ರೈಲ್ ಇನ್ನೂ ಬೇಕೇ?

ಬೇಕು. ಬೆರಳಿನಲ್ಲಿ ಓದುವವರಿಗೆ ಕಾಗುಣಿತ ತಾನಾಗಿ ಒಲಿಯುತ್ತದೆ. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ಆದರೆ ಬ್ರೈಲ್ ಪುಸ್ತಕ ದಪ್ಪ, ಒಂದು ಪಠ್ಯ ಹಲವು ಸಂಪುಟವಾಗುತ್ತದೆ. ಕುಣಿಗಲ್‌ನಿಂದ ದಿನವೂ ಬಸ್ಸಿನಲ್ಲಿ ಬರುವವರು ಹೊರಲಾರರು. ಭಾಷೆ, ಗಣಿತಕ್ಕೆ ಬ್ರೈಲ್, ಉಳಿದದ್ದಕ್ಕೆ ಯುನಿಕೋಡ್ ಪಠ್ಯ ಎಂದು ಹಂಚಿಕೊಂಡವರು ಸುಖವಾಗಿದ್ದಾರೆ.

ಮಂದದೃಷ್ಟಿಯ ಮಗಳಿಗೆ ದೊಡ್ಡದಾಗಿ ಜೆರಾಕ್ಸ್ ಮಾಡಿಸಿದರೆ ಆಯಿತಲ್ಲ?

ಕೆಲವರಿಗೆ ಆಗುತ್ತದೆ. ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿದರೆ ಅಕ್ಷರ ಒಂದೂವರೆ ಪಟ್ಟೂ ಆಗುವುದಿಲ್ಲ, ಮಾಸಿದ ಅಚ್ಚು ಇನ್ನಷ್ಟು ಮಾಸುತ್ತದೆ. ಕಡತವಿದ್ದರೆ ಅಕ್ಷರದ ಗಾತ್ರ, ಸಾಲುಗಳ ಅಂತರ, ಹಿನ್ನೆಲೆಯ ಬಣ್ಣ ಎಲ್ಲವನ್ನೂ ಅವಳೇ ಹೊಂದಿಸಿಕೊಳ್ಳಬಹುದು. ರೆಟಿನೈಟಿಸ್ ಪಿಗ್ಮೆಂಟೋಸಾದಿಂದ ಸುತ್ತಲಿನ ನೋಟ ಕಿರಿದಾಗಿದ್ದರೆ ಅಕ್ಷರ ದೊಡ್ಡದಾದಷ್ಟೂ ಓದು ಕಷ್ಟ, ಪದವೊಂದು ನೋಟದ ಕಿಂಡಿಯಲ್ಲಿ ಹಿಡಿಸುವುದೇ ಇಲ್ಲ. ಅವಳನ್ನೇ ಕೇಳಿ.

ಮಗ ಜಾಣ, ಆದರೆ ಓದು ಬಹಳ ನಿಧಾನ, ಬರೆದರೆ ಅಕ್ಷರ ತಪ್ಪು. ಪಿಯುಸಿ ಹೇಗೋ ಮುಗಿಸಿದ. ಈಗ ಪರೀಕ್ಷಿಸಿ ಏನು ಪ್ರಯೋಜನ?

ಪ್ರಯೋಜನವಿದೆ. ಹನ್ನೆರಡು ವರ್ಷ ‘ದಡ್ಡ’, ‘ಸೋಮಾರಿ’ ಎಂದು ಕೇಳಿಸಿಕೊಂಡೇ ಬಂದ ಮಕ್ಕಳಲ್ಲಿ ಕೆಲವರಿಗಾದರೂ ಇರುವುದು ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಅದೂ ಒಂದು. ತುಮಕೂರಿನಿಂದ ಬೆಂಗಳೂರಿನ ನಿಮ್ಹಾನ್ಸ್ ದೂರವೇನಲ್ಲ. ಕಣ್ಣು ಸಾಲಿನ ಮೇಲೆ ಓಡುವಾಗಲೇ ಕಿವಿಗೂ ಅದೇ ಪದ ಬೀಳುವಂತೆ ಮಾಡಿದರೆ ಇಂಥವರಲ್ಲಿ ಹಲವರು ಸರಾಗವಾಗಿ ಓದುತ್ತಾರೆ, ಅದಕ್ಕೂ ಬೇಕಾದದ್ದು ಅದೇ ಯುನಿಕೋಡ್ ಕಡತ. ಈ ವಿಷಯದಲ್ಲಿ ನಮ್ಮ ಕಾಲೇಜುಗಳು ಬಹಳ ಹಿಂದಿವೆ. ತರಗತಿಯ ಹಿಂದಿನ ಬೆಂಚಿನಲ್ಲಿ ಮಾತಾಡದೆ ಕೂತ ಹುಡುಗನನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಯುಡಿಐಡಿ ಕಾರ್ಡ್, ಲ್ಯಾಪ್‌ಟಾಪ್ ಪಡೆಯುವುದು ಹೇಗೆ?

ಯುಡಿಐಡಿ ಎಂದರೆ ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರ ಕೊಡುವ ಗುರುತಿನ ಕಾರ್ಡು. ಅದಕ್ಕೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಸೂಚಿಸಿದ ದಿನ ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕು. ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 100 ಕಿಲೋಮೀಟರ್, ಆದ್ದರಿಂದ ದಿನಾಂಕ ಖಚಿತಪಡಿಸಿಕೊಂಡೇ ಹೊರಡಿ. ದೃಷ್ಟಿದೋಷವಿರುವ, ಎಸ್ಸೆಸ್ಸೆಲ್ಸಿ ನಂತರ ಓದುತ್ತಿರುವ ವಿದ್ಯಾರ್ಥಿಗಳಿಗೆ ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆ ನಡೆಸುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಎಲ್ಲರೂ ವಿಆರ್‌ಡಬ್ಲ್ಯು ಎಂದು ಕರೆಯುವವರು, ಅರ್ಜಿಯ ದಾರಿ ಬಲ್ಲರು. ಲ್ಯಾಪ್‌ಟಾಪ್ ಬರುವವರೆಗೆ ಕಾಯಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಮತ್ತು ಕನ್ನಡ ದನಿ ಉಚಿತ, ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಉಚಿತ.

‘ಒಬ್ಬ ವಿದ್ಯಾರ್ಥಿಗಾಗಿ ಇಷ್ಟೆಲ್ಲ ಸಾಧ್ಯವಿಲ್ಲ’ ಎಂದು ಕಾಲೇಜಿನವರು ಹೇಳಿದರೆ?

ಮೊದಲು ಜಗಳ ಬೇಡ, ಬರೆದು ಕೊಡಿ. ಯಾವ ವಿಷಯದ ಯಾವ ಪುಸ್ತಕ, ಯಾವ ರೂಪದಲ್ಲಿ, ಯಾವ ದಿನಾಂಕದೊಳಗೆ ಬೇಕು ಎಂದು ಬರೆದು ಸ್ವೀಕೃತಿ ಪಡೆಯಿರಿ. ಮಾತಿನಲ್ಲಿ ಕೇಳಿದ್ದಕ್ಕೆ ಸಿಗದ ಉತ್ತರ ಕಾಗದಕ್ಕೆ ಸಿಗುತ್ತದೆ. ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಸೂಕ್ತ ಹೊಂದಾಣಿಕೆ ಒದಗಿಸಬೇಕೆಂದು 2016ರ ಕಾಯ್ದೆಯ 16ನೆಯ ಕಲಮು ಹೇಳುತ್ತದೆ.  ಹಾಗೂ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಕಾಯ್ದೆಯಲ್ಲಿ ನನಗೆ ನೋವು ತರುವ ಒಂದು ಗೆರೆಯೂ ಇದೆ. ಶೇ 40ರಷ್ಟು ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಪುಸ್ತಕ, ಸಾಧನಗಳು ಉಚಿತ ಎಂದಿರುವುದು 18 ವರ್ಷದವರೆಗೆ ಮಾತ್ರ. ಪದವಿಯ ಮೊದಲ ವರ್ಷದಲ್ಲೇ ಆ ವಯಸ್ಸು ದಾಟುತ್ತದೆ. ಪುಸ್ತಕ ಅತಿ ಹೆಚ್ಚು ಬೇಕಾದ ಹೊತ್ತಿಗೆ ಬಾಗಿಲು ಮುಚ್ಚಿದಂತೆ. ಈ ಮಿತಿಯನ್ನು ಪದವಿ ಮುಗಿಯುವವರೆಗೆ ಹಿಗ್ಗಿಸಬೇಕು.

ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವವರು ಸಿಗುತ್ತಾರೆಯೇ?

ಸಿಗುತ್ತಾರೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು. ಬರೆಯಲು ತೊಂದರೆ ಇದ್ದು ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಇರುವವರಿಗೂ ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆದುಕೊಡುವವರನ್ನು, ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2022ರಲ್ಲಿ ಅದಕ್ಕೂ ಮಾರ್ಗಸೂಚಿ ಬಂತು. ಪರೀಕ್ಷಾ ಅರ್ಜಿ ತುಂಬುವಾಗಲೇ ಕೇಳಿ.

ಪರೀಕ್ಷೆಗೆ ಮೂರೇ ವಾರ ಉಳಿದಿದೆ. ಒಂದು ಪುಸ್ತಕವೂ ಓದುವ ರೂಪದಲ್ಲಿಲ್ಲ. ಏನು ಮಾಡಲಿ?

ಇಡೀ ಪುಸ್ತಕದ ಆಸೆ ಬಿಡಿ. ಪಠ್ಯಕ್ರಮವನ್ನೂ ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆಗಳನ್ನೂ ಮೊದಲು ಪಠ್ಯವಾಗಿಸಿ, ಒಂದೇ ದಿನದ ಕೆಲಸ ಅದು. ಯಾವ ಅಧ್ಯಾಯ ಬಿಡುವಂತಿಲ್ಲ ಎಂದು ಅಧ್ಯಾಪಕರನ್ನು ಕೇಳಿ. ಪ್ರತಿ ವಿಷಯಕ್ಕೆ ಎರಡು ಅಧ್ಯಾಯಗಳನ್ನು ಓಸಿಆರ್ ಮಾಡಿ, ಗೆಳೆಯರು ತಿದ್ದಲಿ. ಉಳಿದ ಅಧ್ಯಾಯಗಳನ್ನು ಅವರು ಓದಿ ಧ್ವನಿಮುದ್ರಿಸಲಿ, ಒಂದೊಂದು ಪ್ರಶ್ನೋತ್ತರಕ್ಕೆ ಒಂದೊಂದು ಕಡತ, ಕಡತದ ಹೆಸರಿನಲ್ಲೇ ಪ್ರಶ್ನೆ ಇರಲಿ, ಹುಡುಕಲು ಸುಲಭ. ಸ್ಕ್ರೈಬ್ ಜೊತೆ ಒಂದು ಬಾರಿಯಾದರೂ ಕುಳಿತು ಹೇಳಿ ಬರೆಸುವ ಅಭ್ಯಾಸ ಮಾಡಿ. ಪರೀಕ್ಷೆ ಮುಗಿದ ಮರುದಿನವೇ ಮುಂದಿನ ಸೆಮಿಸ್ಟರಿನ ಪುಸ್ತಕಗಳ ಪಟ್ಟಿ ಹಿಡಿದು ಗ್ರಂಥಾಲಯಕ್ಕೆ ಬನ್ನಿ. ರಜೆಯಲ್ಲೂ ಬಾಗಿಲು ತೆಗೆದಿರುತ್ತದೆ.